ನದಿಯ ಹೆಸರಿನ ದ್ರಾಕ್ಷಿ: ಅರ್ಕಾವತಿ ಸೀಮೆಯಲ್ಲಿ ಬೀಜರಹಿತ ಬಿಳಿದ್ರಾಕ್ಷಿಯೂ ದ್ರಾಕ್ಷಾರಸವೂ

ಅರ್ಕಾವತಿ ನದಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ ಮತ್ತು ಹೆಸರಘಟ್ಟಗಳನ್ನು ದಾಟಿ, ಮಾಗಡಿ ಸೀಮೆಯ ಅಂಚಿನ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳ ಮೂಲಕ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣ ಮಾತ್ರ ಇದರ ಪಕ್ಕದ ಕಣ್ವ ನದಿಯ ಬದಿಗೆ ಬೀಳುತ್ತದೆ. ಈ ಅರ್ಕಾವತಿಯ ಹೆಸರನ್ನೇ ಹೊತ್ತ ಒಂದು ದ್ರಾಕ್ಷಿ ತಳಿಯೂ ಇದೆಯೆಂಬುದು ನದಿಯ ದಂಡೆಯ ಊರುಗಳಲ್ಲೇ ಹೆಚ್ಚು ಜನಕ್ಕೆ ತಿಳಿದಿರಲಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು 1980ರ ಸುಮಾರಿಗೆ ಹೊರತಂದ, ಬೀಜವಿಲ್ಲದ, ಹಳದಿ ಬೆರೆತ ಹಸಿರು ಬಣ್ಣದ ಈ ಹಣ್ಣು, ತಿನ್ನುವುದಕ್ಕೂ ಒಣಗಿಸುವುದಕ್ಕೂ ರಸ ಹಿಂಡಿ ಹುದುಗಿಸುವುದಕ್ಕೂ ಆಗಿಬರುವಷ್ಟು ಸಕ್ಕರೆಯನ್ನು ತನ್ನೊಳಗೆ ಕೂಡಿಸಿಕೊಂಡಿತ್ತು. ಮುಂದಿನ ಮೂರು ದಶಕಗಳಲ್ಲಿ ಕರ್ನಾಟಕದಲ್ಲಿ ಒಂದು ವೈನ್ ಉದ್ದಿಮೆಯೇ ತಲೆಯೆತ್ತಿತಾದರೂ, ಅದು ಈ ತಳಿಯನ್ನು ಕಣ್ಣೆತ್ತಿ ನೋಡಲಿಲ್ಲ. ಮೂರು ಬಳಕೆಗೂ ಒದಗುವ ಹಣ್ಣು ಮೂರರಲ್ಲಿ ಯಾವ ಪೇಟೆಯಲ್ಲೂ ಮೊದಲ ಸಾಲಿಗೆ ಬಾರದೆ ಹೋದ ಈ ಪ್ರಸಂಗವು, ತಳಿಯೊಂದರ ಗುಣಕ್ಕಿಂತ ಹೆಚ್ಚಾಗಿ ಬೆಲೆ, ಮಳೆ ಮತ್ತು ಹೆಸರಿನ ಮರ್ಯಾದೆಗಳು ಬೆಳೆಯ ಹಣೆಬರಹವನ್ನು ಬರೆಯುವ ಬಗೆಯನ್ನು ತೋರಿಸುತ್ತದೆ.

ಅರ್ಕಾವತಿಯ ತಂದೆ ಥಾಂಪ್ಸನ್ ಸೀಡ್‌ಲೆಸ್. ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದ್ರಾಕ್ಷಿಗಳಲ್ಲಿ ಒಂದಾದ ಇದರ ಮೂಲ ಪಶ್ಚಿಮ ಏಷ್ಯಾ. ತುರ್ಕಿಯ ಕಡೆ ಸುಲ್ತಾನಿ, ಆಸ್ಟ್ರೇಲಿಯಾದಲ್ಲಿ ಸುಲ್ತಾನಾ, ಪರ್ಷಿಯಾ ಮತ್ತು ಅಫ್ಘಾನಿಸ್ತಾನಗಳಲ್ಲಿ ಕಿಶ್ಮಿಶ್ ಎಂದು ಕರೆಸಿಕೊಳ್ಳುವುದು ಒಂದೇ ಬಳ್ಳಿ. ಕಾಬೂಲಿನ ವ್ಯಾಪಾರಿಗಳು ಶತಮಾನಗಳ ಕಾಲ ಭಾರತಕ್ಕೆ ಹೊತ್ತುತಂದ ಒಣದ್ರಾಕ್ಷಿಯಲ್ಲಿ ಇದರ ಪಾಲು ದೊಡ್ಡದು. ಥಾಂಪ್ಸನ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ: ಕ್ಯಾಲಿಫೋರ್ನಿಯಾದ ಯೂಬಾ ನಗರದ ಬಳಿ ನೆಲೆಸಿದ್ದ ವಿಲಿಯಂ ಥಾಂಪ್ಸನ್ ಎಂಬ ಬೆಳೆಗಾರ 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸಸ್ಯಾಗಾರದಿಂದ ಈ ಬಳ್ಳಿಯ ಕಡ್ಡಿಗಳನ್ನು ತರಿಸಿಕೊಂಡು ಕಸಿಮಾಡಿದ; 1875ರಲ್ಲಿ ಹಣ್ಣು ಬಿಟ್ಟಾಗ ಆ ಸೀಮೆಯ ತೋಟಗಾರರ ಸಂಘವು ಅದಕ್ಕೆ ಅವನ ಹೆಸರನ್ನೇ ಇಟ್ಟಿತು. ಸಾವಿರಾರು ವರ್ಷ ಬೆಳೆದವರ ಹೆಸರು ಅಳಿದು, ಮೂರು ವರ್ಷ ಬೆಳೆದವನ ಹೆಸರು ಉಳಿಯಿತು.

ಬೀಜರಹಿತ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಗ್ರೀಸಿನ ಕಪ್ಪು ಕೊರಿಂತ್ ದ್ರಾಕ್ಷಿಯಲ್ಲಿ ಗರ್ಭಧಾರಣೆಯೇ ನಡೆಯದೆ ಕಾಯಿ ಕಟ್ಟುತ್ತದೆ. ಥಾಂಪ್ಸನ್‌ನಲ್ಲಿ ಹಾಗಲ್ಲ, ಪರಾಗಸ್ಪರ್ಶವೂ ಗರ್ಭಧಾರಣೆಯೂ ನಡೆದು ಬೀಜ ಬೆಳೆಯತೊಡಗುತ್ತದೆ, ಆದರೆ ಕೆಲವು ವಾರಗಳಲ್ಲಿ ಭ್ರೂಣ ಸೊರಗಿ, ಹಲ್ಲಿಗೆ ಸಿಗದಷ್ಟು ಮೆದುವಾದ ಒಂದು ಕುರುಹು ಮಾತ್ರ ಉಳಿಯುತ್ತದೆ. ಬೆಳೆಯುವ ಬೀಜವು ಜಿಬ್ಬರೆಲಿನ್ ಎಂಬ ಚೋದಕವನ್ನು ಒಸರಿ ತಿರುಳನ್ನು ಹಿಗ್ಗಿಸುವುದರಿಂದ, ಬೀಜ ಸತ್ತ ಕಾಯಿ ಸಣ್ಣದಾಗಿಯೇ ನಿಲ್ಲುತ್ತದೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಚೋದಕವನ್ನು ಹೊರಗಿನಿಂದ ಸಿಂಪಡಿಸಿದರೆ ಗೊಂಚಲು ಉದ್ದವಾಗಿ ಕಾಯಿ ದಪ್ಪವಾಗುವುದೆಂದು ತೋರಿಸಿಕೊಟ್ಟರು. ಇಂದು ತಳ್ಳುಗಾಡಿಯಲ್ಲಿ ಕಾಣುವ ನೀಳ ಹಸಿರು ದ್ರಾಕ್ಷಿಯ ಗಾತ್ರದಲ್ಲಿ ಈ ಸಿಂಪಡಣೆಯ ಪಾಲಿದೆ. ಆದರೆ ತಿನ್ನುವವನಿಗೆ ಹಿತವಾದ ಈ ಹಿಗ್ಗು ವೈನ್ ಮಾಡುವವನಿಗೆ ಬೇಡವಾದದ್ದು: ಕಾಯಿ ದೊಡ್ಡದಾದಷ್ಟೂ ರಸದಲ್ಲಿ ನೀರು ಹೆಚ್ಚುತ್ತದೆ, ರುಚಿ ಮತ್ತು ಪರಿಮಳದ ಬಹುಭಾಗ ಕುಳಿತಿರುವ ಸಿಪ್ಪೆಯ ಪಾಲು ತಗ್ಗುತ್ತದೆ.

ಹಾಗಿದ್ದೂ ಥಾಂಪ್ಸನ್‌ನಿಂದ ವೈನ್ ಮಾಡಿದವರು ಕಡಿಮೆಯೇನಲ್ಲ. ಕ್ಯಾಲಿಫೋರ್ನಿಯಾದ ಮಧ್ಯ ಕಣಿವೆಯ ಬೆಳೆಗಾರರು ಅದನ್ನು ಮೂರು ಬಾಗಿಲಿನ ಬೆಳೆಯೆಂದು ನಡೆಸಿಕೊಂಡು ಬಂದರು. ಹಣ್ಣಿನ ಪೇಟೆ ಬಿದ್ದರೆ ಒಣಗಿಸುವುದು, ಒಣದ್ರಾಕ್ಷಿಯ ಬೆಲೆಯೂ ಬಿದ್ದರೆ ವೈನ್ ಕಾರ್ಖಾನೆಗೆ ಅಥವಾ ಬ್ರಾಂದಿಯ ಭಟ್ಟಿಗೆ ಸಾಗಿಸುವುದು. 1970ರ ದಶಕದಲ್ಲಿ ಅಮೆರಿಕದಲ್ಲಿ ಬಿಳಿ ವೈನ್‌ಗೆ ಇದ್ದಕ್ಕಿದ್ದಂತೆ ಬೇಡಿಕೆ ಏರಿದಾಗ, ಒಳ್ಳೆಯ ಬಿಳಿ ತಳಿಗಳ ತೋಟ ಸಾಲದೆ, ದೊಡ್ಡ ಹೂಜಿಗಳಲ್ಲಿ ಅಗ್ಗಕ್ಕೆ ಮಾರುವ ವೈನ್‌ನಲ್ಲಿ ಥಾಂಪ್ಸನ್ ರಸ ಧಾರಾಳವಾಗಿ ಸೇರಿತು. ಅಂಥ ವೈನ್‌ಗಳಲ್ಲಿ ಎಷ್ಟೋ ಫ್ರಾನ್ಸಿನ ಶಾಬ್ಲಿ ಎಂಬ ಊರಿನ ಹೆಸರನ್ನು ಹೊತ್ತು ಮಾರಾಟವಾದವು. ರಸವನ್ನು ಸಿಪ್ಪೆಯಿಂದ ಕೂಡಲೇ ಬೇರ್ಪಡಿಸಿ, ತಂಪುಗೊಳಿಸಿದ ಉಕ್ಕಿನ ಪೀಪಾಯಿಗಳಲ್ಲಿ ನಿಧಾನವಾಗಿ ಹುದುಗಿಸುವ ತಂತ್ರ ಅಷ್ಟರಲ್ಲಿ ಬಳಕೆಗೆ ಬಂದಿದ್ದುದರಿಂದ, ಈ ವೈನ್ ದೋಷವಿಲ್ಲದೆ ತಿಳಿಯಾಗಿ ಬರುತ್ತಿತ್ತು. ದೋಷವಿಲ್ಲ ಎಂಬುದೇ ಅದರ ಮುಖ್ಯ ಗುಣವಾಗಿತ್ತು ಎನ್ನಬೇಕು. ತನ್ನದೆಂಬ ಪರಿಮಳವಿಲ್ಲದ, ಬಿಸಿಲು ಹೆಚ್ಚಿದರೆ ಹುಳಿಯೂ ಇಳಿದುಹೋಗುವ ಸಪ್ಪೆ ರಸವದು. ಮುಂದೆ ಫ್ರೆಂಚ್ ಕೊಲಂಬಾರ್ಡ್, ಶೆನಿನ್ ಬ್ಲಾಂಕ್, ಶಾರ್ಡನೇ ತಳಿಗಳ ತೋಟಗಳು ಫಲಕ್ಕೆ ಬಂದಂತೆ ಥಾಂಪ್ಸನ್ ಹಿಂದೆ ಸರಿಯಿತು. ಬೀಜರಹಿತ ಬಿಳಿದ್ರಾಕ್ಷಿಯ ವೈನ್ ಎಂದರೆ ಅಗ್ಗದ್ದು ಎಂಬ ಭಾವನೆ ಮಾತ್ರ ಉಳಿಯಿತು, ಮತ್ತು ಅದು ಕಡಲು ದಾಟಿ ಭಾರತಕ್ಕೂ ಬಂತು.

ಭಾರತದಲ್ಲಿ ದ್ರಾಕ್ಷಿಯ ಮದ್ಯದ ಪರಿಚಯ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ರಸದಿಂದಾದ ಮದ್ಯವನ್ನು ಮಧುವೆಂದು ಕರೆದು, ಕಾಪಿಶಾಯನ, ಹಾರಹೂರಕ ಎಂಬ ಊರಿನ ಹೆಸರುಗಳಿಂದ ಅದನ್ನು ವಿಂಗಡಿಸುತ್ತದೆ. ಎರಡೂ ವಾಯವ್ಯದ, ಅಂದರೆ ಇಂದಿನ ಅಫ್ಘಾನಿಸ್ತಾನದ ಕಡೆಯ ಸರಕು. ಕನ್ನಡನಾಡಿನ ಸಾಮಾನ್ಯ ಮನೆಗಳಿಗೆ ಹುದುಗಿದ ದ್ರಾಕ್ಷಿ ಬಂದದ್ದು ಸೆರೆಯ ರೂಪದಲ್ಲಲ್ಲ, ಔಷಧದ ರೂಪದಲ್ಲಿ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಸಂಬಾರ ಮತ್ತು ಧಾತಕಿ ಹೂವನ್ನು ಕೂಡಿಸಿ ಹುದುಗಲು ಬಿಡುವ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳಲ್ಲಿ ತಾನಾಗಿ ಹುಟ್ಟುವ ಮದ್ಯಸಾರವಿರುತ್ತದೆ. ಹೆಂಡದಂಗಡಿಯತ್ತ ತಲೆಹಾಕದ ಮನೆಗಳೂ ಅದನ್ನು ನಿಸ್ಸಂಕೋಚವಾಗಿ ಕಪಾಟಿನಲ್ಲಿಟ್ಟುಕೊಂಡವು. ಇನ್ನೊಂದು ದಾರಿ ಚರ್ಚಿನದು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಪಾದ್ರಿಯಿಂದ ಮೈಸೂರು ಮಿಷನ್ ಆರಂಭವಾಯಿತು. ಅರ್ಕಾವತಿಯ ದಂಡೆಯಲ್ಲಿ, ಕನಕಪುರ ತಾಲ್ಲೂಕಿನಲ್ಲಿರುವ ಹಾರೋಬೆಲೆಯು ಈ ನಾಡಿನ ಹಳೆಯ ಕಥೋಲಿಕ ಊರುಗಳಲ್ಲಿ ಒಂದು. ಬಲಿಪೂಜೆಗೆ ದ್ರಾಕ್ಷಿಯ ಹಣ್ಣಿನಿಂದಲೇ ಆದ, ಬೇರೇನೂ ಬೆರೆಯದ ರಸ ಬೇಕೆಂಬುದು ಕಥೋಲಿಕ ಸಭೆಯ ನಿಯಮವಾದ್ದರಿಂದ, ರಾಗಿ ಮತ್ತು ಹುರುಳಿಯ ಈ ಸೀಮೆಯಲ್ಲಿ ದ್ರಾಕ್ಷಿಯ ಚಪ್ಪರ ಕಾಣುವ ಎಷ್ಟೋ ಮುಂಚೆಯೇ ದ್ರಾಕ್ಷಾರಸವು ಪೂಜಾಪೀಠದ ಮೇಲೆ ಇತ್ತೆಂದು ತಿಳಿಯಬೇಕು.

ಬಳ್ಳಿಯ ಚರಿತ್ರೆ ಬೇರೆ. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇರಾನ್ ಮತ್ತು ಅಫ್ಘಾನಿಸ್ತಾನಗಳಿಂದ ಉತ್ತರ ಭಾರತಕ್ಕೂ, ಅಲ್ಲಿಂದ ದೌಲತಾಬಾದಿನ ಮೂಲಕ ದಖನ್ನಿಗೂ ಇಳಿದ ದ್ರಾಕ್ಷಿ ಒಂದು ಕವಲು. 1832ರ ಸುಮಾರಿಗೆ ಕ್ರೈಸ್ತ ಮಿಷನರಿಗಳ ಮೂಲಕ ಮಧುರೈ, ಸೇಲಂ ಕಡೆಗೆ ಬಂದದ್ದು ಇನ್ನೊಂದು. ಬೆಂಗಳೂರಿನ ಸುತ್ತ ನೆಲೆಯೂರಿದ್ದು ಮಾತ್ರ ಇವೆರಡಕ್ಕೂ ಹೊರತಾದ, ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಬೆರೆತ, ಇಸಬೆಲ್ಲಾ ಎಂಬ ತಳಿಗೆ ಸೇರಿದ ಬೆಂಗಳೂರು ನೀಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳ ಕೆಂಪುಮಣ್ಣಿನಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ, ರೋಗಕ್ಕೆ ಅಷ್ಟಾಗಿ ಬಗ್ಗದ, ದಪ್ಪ ಸಿಪ್ಪೆಯ, ಬೀಜವುಳ್ಳ ಈ ಹಣ್ಣು ಇಂದು ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಬೆಂಗಳೂರಿನ ಆಂಗ್ಲೋ–ಇಂಡಿಯನ್ ಮತ್ತು ಕ್ರೈಸ್ತ ಮನೆಗಳಲ್ಲಿ ಸಕ್ಕರೆ, ಗೋಧಿ, ಯೀಸ್ಟ್ ಕೂಡಿಸಿ ಜಾಡಿಗಳಲ್ಲಿ ಇಡುವ ಕ್ರಿಸ್‌ಮಸ್ ವೈನೂ, ಅಂಗಡಿಗಳಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಮದ್ಯವೂ ಬಹುತೇಕ ಇದರದೇ. ಅದರ ಒಡ್ಡು ವಾಸನೆಗೆ ಒಗ್ಗಿದ ನಾಲಿಗೆಗೆ ಬಿಳಿ ವೈನ್ ಎಂಬುದೊಂದಿದೆ ಎಂಬುದೇ ದೂರದ ಮಾತಾಗಿತ್ತು.

ಸ್ವಾತಂತ್ರ್ಯಾನಂತರದ ಎರಡು ದಶಕಗಳು ಮೈಸೂರು ರಾಜ್ಯದಲ್ಲಿ ಪಾನನಿರೋಧದ ಕಾಲವೂ ಹೌದು; 1960ರ ದಶಕದ ಕೊನೆಯಲ್ಲಷ್ಟೇ ಅದು ಸಡಿಲಗೊಂಡಿತು. ಅದೇ ಹೊತ್ತಿಗೆ, 1967ರಲ್ಲಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ತೋಟಗಾರಿಕೆಗೆಂದೇ ಮೀಸಲಾದ ಸಂಸ್ಥೆಯನ್ನು ಹೆಸರಘಟ್ಟದಲ್ಲಿ ತೆರೆಯಿತು, ಡಾ. ಜಿ. ಎಸ್. ರಂಧಾವಾ ಅದರ ಮೊದಲ ನಿರ್ದೇಶಕರು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಕೊಡಲೆಂದು ಅರ್ಕಾವತಿಗೆ ಅಡ್ಡಲಾಗಿ ವಿಸ್ತರಿಸಿದ ಹೆಸರಘಟ್ಟದ ಕೆರೆ ಅಲ್ಲಿಂದ ದೂರವಿಲ್ಲ. ಸಂಸ್ಥೆ ಮುಂದೆ ಹೊರತಂದ ತರಕಾರಿ, ಹಣ್ಣು, ಹೂಗಳ ತಳಿಗಳು ಅರ್ಕಾ ಎಂಬ ಮುಂಪದವನ್ನು ಹೊತ್ತು ದೇಶವೆಲ್ಲ ಹರಡಿದವು. ದ್ರಾಕ್ಷಿಯ ಈ ಒಂದು ತಳಿಗೆ ಮಾತ್ರ ನದಿಯ ಹೆಸರು ಇಡಿಯಾಗಿ ದಕ್ಕಿತು.

ಸಂಸ್ಥೆಯ ತಳಿವಿಜ್ಞಾನಿಗಳ ಮುಂದಿದ್ದ ಕಷ್ಟ ಹೀಗಿತ್ತು. ಥಾಂಪ್ಸನ್ ಮಹಾರಾಷ್ಟ್ರದ ನಾಸಿಕ, ಸಾಂಗ್ಲಿ, ಸೊಲ್ಲಾಪುರಗಳಲ್ಲಿಯೂ ನಮ್ಮ ವಿಜಯಪುರದಲ್ಲಿಯೂ ಚೆನ್ನಾಗಿ ಒಗ್ಗುವ ಬೆಳೆ. ಆ ಒಣ ಸೀಮೆಯ ರೈತರು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿಯನ್ನು ಸವರಿ, ಅಂದರೆ ಅವರ ಮಾತಿನಲ್ಲಿ ಚಾಟ್ನಿ ಮಾಡಿ, ಮೊದಲನೆಯದರಿಂದ ಕಡ್ಡಿಯನ್ನೂ ಎರಡನೆಯದರಿಂದ ಹಣ್ಣನ್ನೂ ಪಡೆಯುತ್ತಾರೆ. ಬೆಂಗಳೂರಿನ ದಕ್ಷಿಣಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ. ಥಾಂಪ್ಸನ್ ಕಡ್ಡಿಯ ಬುಡದ ಕಣ್ಣುಗಳು ಹೆಚ್ಚಾಗಿ ಬಂಜೆ. ಫಲ ಕೊಡುವ ಕಣ್ಣು ಸಿಗಬೇಕಾದರೆ ಕಡ್ಡಿಯನ್ನು ಉದ್ದ ಬಿಟ್ಟು ಸವರಬೇಕು, ಮತ್ತು ಕಣ್ಣಿನೊಳಗೆ ಗೊಂಚಲು ರೂಪುಗೊಳ್ಳುವ ಬೇಸಿಗೆಯ ಕೊನೆಯ ದಿನಗಳಲ್ಲಿ ಬಿಸಿಲು ಬೇಕು. ರಾಮನಗರ, ಮಾಗಡಿ, ಕನಕಪುರಗಳಲ್ಲಿ ಮೇ ತಿಂಗಳಿಗೇ ಮಳೆಯ ಒಂದು ಭರಾಟೆ ಬಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಬರುತ್ತದೆ. ಮೊದಲನೆಯದು ಮೋಡ ಕವಿಸಿ ಕಣ್ಣನ್ನು ಬಂಜೆಯಾಗಿಸುತ್ತದೆ. ಎರಡನೆಯದು ಎಳೆ ಚಿಗುರಿನ ಮೇಲೆ ಬಿದ್ದು ಬೂಜು ತುಪ್ಪಟ ರೋಗವನ್ನೂ ಚಿಬ್ಬು ರೋಗವನ್ನೂ ಹಬ್ಬಿಸುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ನೀರು, ಮೂಲತಃ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದ್ರಾಕ್ಷಿಯ ಇದೇ ಬೂಜಿಗೆಂದು ಕಂಡುಹಿಡಿದ ಮದ್ದು.

ಆದ್ದರಿಂದ ಥಾಂಪ್ಸನ್‌ನ ಬೀಜವಿಲ್ಲದ ಗುಣವನ್ನು ಉಳಿಸಿಕೊಂಡು, ದಕ್ಷಿಣದ ಹವೆಗೆ ಒಗ್ಗಿದ ಬಳ್ಳಿಯೊಂದರ ಹುರುಪನ್ನು ಅದಕ್ಕೆ ಕೂಡಿಸುವ ಯತ್ನ ನಡೆಯಿತು. ಬೀಜರಹಿತ ಬಳ್ಳಿಯನ್ನು ತಾಯಿಯಾಗಿ ಬಳಸಿದರೆ ಬಿತ್ತಲು ಬೀಜವೇ ಸಿಗದು. ಹಾಗಾಗಿ ಬ್ಲ್ಯಾಕ್ ಚಂಪಾ ಎಂಬ, ಬೀಜವುಳ್ಳ ಕಪ್ಪು ಹಣ್ಣಿನ ತಳಿಯನ್ನು ತಾಯಿಯಾಗಿಟ್ಟು, ಅದರ ಹೂವಿನ ಕೇಸರಗಳನ್ನು ಅರಳುವ ಮುನ್ನವೇ ಚಿಮಟದಿಂದ ತೆಗೆದು, ಥಾಂಪ್ಸನ್‌ನ ಪರಾಗವನ್ನು ಸವರಲಾಯಿತು. ಇಂಥ ಸಂಕರದಿಂದ ಹುಟ್ಟುವ ಸಸಿಗಳಲ್ಲಿ ಕೆಲವಷ್ಟೇ ಬೀಜರಹಿತವಾಗುತ್ತವೆ, ಅವುಗಳಲ್ಲೂ ಇಳುವರಿ, ಗಾತ್ರ, ರುಚಿ ಕೂಡಿಬರುವವು ಬೆರಳೆಣಿಕೆಯವು. ಬಳ್ಳಿ ಫಲಕ್ಕೆ ಬರುವವರೆಗೂ ಯಾವುದು ಯಾವುದೆಂದು ತಿಳಿಯುವ ದಾರಿ ಆ ಕಾಲದಲ್ಲಿ ಇರಲಿಲ್ಲ. ಒಂದೇ ತಾಯಿ–ತಂದೆಯರ ಸಂಕರದಿಂದ ಸಂಸ್ಥೆಗೆ ದೊರೆತ ತಳಿಗಳು ಮೂರು: ಹಳದಿ–ಹಸಿರಿನ ಅರ್ಕಾವತಿ, ಮತ್ತು ಕಪ್ಪು ಬಣ್ಣದ ಅರ್ಕಾ ನೀಲಮಣಿ, ಅರ್ಕಾ ಕೃಷ್ಣ. ದ್ರಾಕ್ಷಿಯಲ್ಲಿ ಬಿಳಿ ಬಣ್ಣ ಅಡಗಿರುವ ಗುಣವಾದ್ದರಿಂದ, ಕಪ್ಪು ಹಣ್ಣಿನ ತಾಯಿಯೊಳಗೂ ಅದು ಹುದುಗಿದ್ದರೆ ಮಾತ್ರ ಮಕ್ಕಳಲ್ಲಿ ಬಿಳಿ ಹಣ್ಣು ಕಾಣಲು ಸಾಧ್ಯ. ಅರ್ಕಾವತಿ ಹಾಗೆ ಹೊರಬಂದದ್ದು.

ಅರ್ಕಾವತಿಯ ಮುಖ್ಯ ಬಲ ಸಕ್ಕರೆ. ರಸದಲ್ಲಿ ಕರಗಿರುವ ಘನವಸ್ತುವನ್ನು, ಅಂದರೆ ಬಹುಮಟ್ಟಿಗೆ ಸಕ್ಕರೆಯನ್ನು, ನೂರಕ್ಕೆ ಇಷ್ಟು ಪಾಲೆಂದು ಹೇಳುವ ಬ್ರಿಕ್ಸ್ ಅಳತೆಯಲ್ಲಿ ಇದು ಸುಮಾರು 22ರಿಂದ 25ರವರೆಗೆ ಏರುತ್ತದೆ. ಒಣಗಿಸುವವನಿಗೆ ಇದರ ಅರ್ಥ, ಅಷ್ಟೇ ತೂಕದ ಹಸಿ ಹಣ್ಣಿನಿಂದ ಹೆಚ್ಚು ಒಣದ್ರಾಕ್ಷಿ. ವೈನ್ ಮಾಡುವವನಿಗೆ ಇದರ ಅರ್ಥ ಬೇರೆ: ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಹುಟ್ಟುವುದರಿಂದ, ಹೊರಗಿನಿಂದ ಒಂದು ಚಮಚ ಸಕ್ಕರೆ ಹಾಕದೆಯೂ ಶೇ. 12ರಿಂದ 14ರಷ್ಟು ಮದ್ಯಸಾರದ ವೈನ್ ಇದರಿಂದ ಆಗಬಲ್ಲದು. ಬೆಂಗಳೂರು ನೀಲಿಗೆ ಸಕ್ಕರೆ ಸುರಿಯುವುದೇ ರೂಢಿಯಾಗಿದ್ದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಸಂಸ್ಥೆಯಲ್ಲಿ ತಳಿಗಳ ಜೊತೆಜೊತೆಗೇ ವೈನ್‌ನ ಪರೀಕ್ಷೆಯೂ ನಡೆದಿತ್ತು. ಅಲ್ಲಿನ ವಿಜ್ಞಾನಿಗಳಾದ ಇ. ಆರ್. ಸುರೇಶ್ ಮತ್ತು ಎಸ್. ಎತಿರಾಜ್ ಅವರು, ಹಣ್ಣು ಎಷ್ಟು ಮಾಗಿದಾಗ ಕೊಯ್ದರೆ ವೈನ್‌ನ ಗುಣ ಹೇಗೆ ಬದಲಾಗುತ್ತದೆಂಬುದನ್ನು ಕುರಿತು 1987ರಲ್ಲಿ ಅಮೆರಿಕದ ದ್ರಾಕ್ಷಿ–ವೈನ್ ವಿಜ್ಞಾನದ ಪತ್ರಿಕೆಯೊಂದರಲ್ಲಿ ಬರೆದರು. ಬಿಸಿನಾಡಿನ ವೈನ್‌ಗೆ ಇದೇ ಮರ್ಮಸ್ಥಾನ. ಹಣ್ಣು ಮಾಗುತ್ತ ಹೋದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ರಾತ್ರಿಗಳು ತಂಪಾಗದ ಕಡೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಬೇಗನೆ ಕರಗಿಹೋಗಿ, ಸಿಹಿ ಪೂರ್ತಿ ಬರುವಷ್ಟರಲ್ಲಿ ರಸ ಚಪ್ಪಟೆಯಾಗಿಬಿಡುತ್ತದೆ. ಕೊಯ್ಲಿನ ದಿನವನ್ನು ಆರಿಸುವುದು, ಬೇಕಾದರೆ ಟಾರ್ಟಾರಿಕ್ ಆಮ್ಲವನ್ನು ಕೂಡಿಸುವುದು, ತಂಪಿನಲ್ಲಿ ಹುದುಗಿಸುವುದು, ಈ ಮೂರರಿಂದ ಬಿಳಿದ್ರಾಕ್ಷಿಯ ಸಪ್ಪೆತನವನ್ನು ಬಹಳ ಮಟ್ಟಿಗೆ ತಿದ್ದಬಹುದು. ಇಲ್ಲದ ಪರಿಮಳವನ್ನು ಕೊಡಲು ಮಾತ್ರ ಇವು ಯಾವುವಕ್ಕೂ ಆಗದು. ಆ ಕೊರತೆಯನ್ನು ಅರ್ಕಾವತಿ ತಂದೆಯಿಂದಲೇ ಪಡೆದುಕೊಂಡಿತ್ತು.

ಪ್ರಯೋಗಶಾಲೆಯ ಈ ಕೆಲಸ ನಡೆಯುತ್ತಿದ್ದಾಗಲೇ, ಅದೇ ಅರ್ಕಾವತಿಯ ತಲೆಭಾಗದಲ್ಲಿ ಇನ್ನೊಂದು ಬಗೆಯ ಪ್ರಯತ್ನ ಆರಂಭವಾಯಿತು. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ತಯಾರಕ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರ ಸೀಮೆಯಲ್ಲಿ ತೋಟವಿಟ್ಟು, 1992ರಲ್ಲಿ ಮೊದಲ ವೈನನ್ನು ಹೊರತಂದರು. 1990ರ ದಶಕದಲ್ಲೇ ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೊಲಾಂ ಅವರ ಸಲಹೆಯೂ ದೊರೆಯಿತು. ಹೆಸರಘಟ್ಟಕ್ಕೂ ಈ ತೋಟಕ್ಕೂ ನಡುವಣ ದಾರಿ ದೊಡ್ಡದಲ್ಲ. ಆದರೆ ಒಂದು ಕಡೆ ಇಲ್ಲಿನ ಹವೆಗೆ ಹೊಂದುವ ಹೊಸ ಬಳ್ಳಿಯನ್ನು ಹುಟ್ಟಿಸುವ ಯೋಚನೆಯಿದ್ದರೆ, ಇನ್ನೊಂದು ಕಡೆ ಜಗತ್ತು ಬಲ್ಲ ಬಳ್ಳಿಯನ್ನು ತಂದು ಇಲ್ಲಿನ ಹವೆಗೆ ಹೊಂದಿಸುವ ಯೋಚನೆ. ಶೀಶೆಯ ಮೇಲೆ ತಳಿಯ ಹೆಸರನ್ನೇ ಮುಂದು ಮಾಡಿ ಮಾರುವ ಪದ್ಧತಿ ಜಗತ್ತಿನಾದ್ಯಂತ ಬೇರೂರಿದ್ದ ಆ ದಶಕಗಳಲ್ಲಿ, ಕ್ಯಾಬರ್ನೆ, ಶಿರಾಜ್, ಸೋವಿನ್ಯೋ ಬ್ಲಾಂಕ್ ಎಂಬ ಹೆಸರುಗಳ ಎದುರು ಅರ್ಕಾವತಿ ಎಂಬ ಹೆಸರು ಕೊಳ್ಳುವವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಎರಡನೆಯ ಯೋಚನೆ ಗೆದ್ದಿತು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೂ ಆಗಿತ್ತು.

2007 ಈ ಕಥೆಯಲ್ಲಿ ಹಲವು ಎಳೆಗಳು ಒಂದೆಡೆ ಬಂದ ವರ್ಷ. ಆ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಆಗಸ್ಟ್ 23ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಅದರ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸುವ ತೀರ್ಮಾನವಾಯಿತು. ಅದೇ 2007ರಲ್ಲಿ, ಮಹಾರಾಷ್ಟ್ರ 2001ರಲ್ಲಿ ತೋರಿದ ದಾರಿಯನ್ನು ಹಿಡಿದು, ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಅದರ ಬೆನ್ನಿಗೇ ದ್ರಾಕ್ಷಾರಸ ಮಂಡಳಿ ಬಂತು. ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆಗಳನ್ನು ವೈನ್ ದ್ರಾಕ್ಷಿಯ ಸೀಮೆಗಳೆಂದು ಗುರುತಿಸಿ, ವೈನನ್ನು ಮಿಕ್ಕ ಮದ್ಯದಿಂದ ಬೇರೆಯಾಗಿ, ರೈತನ ಬೆಳೆಗೆ ಬೆಲೆ ತರುವ ಸಂಸ್ಕರಣೆಯಾಗಿ ಕಾಣುವುದು ಆ ನೀತಿಯ ತಿರುಳು. ಬಡವರ ಸಾರಾಯಿಯನ್ನು ನಿಲ್ಲಿಸಿದ ವರ್ಷವೇ ಉಳ್ಳವರ ದ್ರಾಕ್ಷಾರಸಕ್ಕೆ ಹಾಸುಗಂಬಳಿ ಹಾಸಿದ್ದನ್ನು ಯಾರಾದರೂ ಎತ್ತಿ ತೋರಿಸಿದರೆ ಅದನ್ನು ಕುಹಕವೆಂದು ತಳ್ಳಿಹಾಕುವಂತಿಲ್ಲ. ಸರ್ಕಾರದ ಕಣ್ಣಿನಲ್ಲಿ ಒಂದು ಕುಡಿತದ ಸಮಸ್ಯೆ, ಇನ್ನೊಂದು ತೋಟಗಾರಿಕೆಯ ವಿಷಯ.

ಹೊಸ ಜಿಲ್ಲೆಯ ರೈತ ಇದರಿಂದ ದ್ರಾಕ್ಷಿಯತ್ತ ತಿರುಗಿದನೆಂದು ಹೇಳುವಂತಿಲ್ಲ, ಮತ್ತು ಅದಕ್ಕೆ ಮಳೆಯೊಂದೇ ಕಾರಣವಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅದರ ಹಿಂದೆ ನಾಲ್ಕೂ ತಾಲ್ಲೂಕುಗಳ ಹಿಪ್ಪುನೇರಳೆ ತೋಟಗಳಿವೆ. ದ್ರಾಕ್ಷಿಗೆ ಹೊಡೆಯುವ ಕೀಟನಾಶಕದ ತುಂತುರು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಹುಳು ಮನೆಯಲ್ಲಿರುವ ದಿನಗಳಲ್ಲಿ ಸುತ್ತಮುತ್ತ ಔಷಧಿ ಹೊಡೆಯುವುದನ್ನೇ ಸಹಿಸದ ಊರಿನಲ್ಲಿ, ಮಳೆ ಬಿದ್ದಾಗಲೆಲ್ಲ ಸಿಂಪಡಿಸಬೇಕಾದ ಬೆಳೆಗೆ ಜಾಗ ಕಡಿಮೆ. ಮೇಲಾಗಿ ರೇಷ್ಮೆಗೂಡು ತಿಂಗಳೊಪ್ಪತ್ತಿನಲ್ಲಿ ಕೈಗೆ ಕಾಸು ತರುತ್ತದೆ. ದ್ರಾಕ್ಷಿಯಾದರೆ ಕಲ್ಲುಕಂಬ, ತಂತಿ, ಹನಿ ನೀರಾವರಿಗೆಂದು ಮೊದಲೇ ಹಣ ಹೂಡಿ ಎರಡು ವರ್ಷ ಕಾಯಬೇಕು. ಒಣಭೂಮಿಯಿದ್ದವನಿಗೆ ಮಾವು ಇತ್ತು. ರಾಜ್ಯದಲ್ಲಿ ಎಲ್ಲಕ್ಕೂ ಮುಂಚೆ ಪೇಟೆಗೆ ಬರುವ ಮಾವುಗಳಲ್ಲಿ ರಾಮನಗರದ್ದು ಒಂದಾದ್ದರಿಂದ ಅದರ ಬೆಲೆಯೂ ಮೇಲಿರುತ್ತಿತ್ತು.

ನೀರಿನ ಮಾತೂ ಇದೆ. ತಿಪ್ಪಗೊಂಡನಹಳ್ಳಿಯ ಜಲಾಶಯ 1930ರ ದಶಕದಲ್ಲಿ ಕಟ್ಟಿದ್ದು ಬೆಂಗಳೂರಿಗಾಗಿ. 1974ರಿಂದ ಕಾವೇರಿಯ ನೀರೂ ಕನಕಪುರ ಸೀಮೆಯ ಮೂಲಕ ಕೊಳವೆಗಳಲ್ಲಿ ಅದೇ ನಗರಕ್ಕೆ ಏರತೊಡಗಿತು. ಅತ್ತ ಅರ್ಕಾವತಿಯ ಜಲಾನಯನದಲ್ಲಿ ನೀಲಗಿರಿ ತೋಪುಗಳೂ ಕೊಳವೆಬಾವಿಗಳೂ ಹೆಚ್ಚಿದಂತೆ ನದಿಯ ಹರಿವು ದಶಕದಿಂದ ದಶಕಕ್ಕೆ ಇಳಿಯಿತು. ಇತ್ತ ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ಹಾಯ್ದು ಅದನ್ನೇ ಸೇರಿತು. ತಳಿಗೆ ನದಿಯ ಹೆಸರಿಟ್ಟ ಹೊತ್ತಿನಿಂದ ಈಚೆಗೆ ನದಿಯೇ ಬೇರೆಯಾಗಿಹೋಯಿತು.

ವೈನ್ ಈ ಜಿಲ್ಲೆಗೆ ಬಂದದ್ದು ಹೊಲದಿಂದಲ್ಲ, ಹೆದ್ದಾರಿಯಿಂದ. ನೀತಿಯ ನಂತರದ ವರ್ಷಗಳಲ್ಲಿ ಬೆಂಗಳೂರು–ಮೈಸೂರು ದಾರಿಯಲ್ಲಿ, ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣದ ಬಳಿ, ಹೆರಿಟೇಜ್ ವೈನರಿ ತಲೆಯೆತ್ತಿತು. ಪೀಪಾಯಿಗಳ ಸಾಲನ್ನು ತೋರಿಸಿ, ವೈನ್ ರುಚಿ ನೋಡಿಸಿ, ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವ ಆಟವಾಡಿಸಿ ಕಳಿಸುವ ಪ್ರವಾಸಿ ತಾಣವಾಗಿಯೂ ಅದು ಬೆಳೆಯಿತು. ಮಾಗಡಿ ರಸ್ತೆಯ ತಾವರೆಕೆರೆಯ ಕಡೆ, ಜಿಲ್ಲೆಯ ಗಡಿಗೆ ಹತ್ತಿರದಲ್ಲಿ, ದೊಡ್ಡ ಆಲದ ಮರದ ನೆನಪಿನ ಹೆಸರಿನ ಬಿಗ್ ಬ್ಯಾನಿಯನ್ ತೋಟವೂ ವಿಹಾರಧಾಮವೂ ಬಂದವು. ರಾಜಧಾನಿಯಿಂದ ಒಂದು ದಿನದಲ್ಲಿ ಹೋಗಿಬರುವ ದೂರವೇ ಈ ಸೀಮೆಯ ಮುಖ್ಯ ಬಂಡವಾಳವಾಯಿತು. ಕರ್ನಾಟಕದ ವೈನರಿಗಳ ಬಿಳಿ ವೈನ್‌ಗಳ ಮೇಲೆ ಈಗ ಕಾಣುವ ಹೆಸರುಗಳು ಶೆನಿನ್ ಬ್ಲಾಂಕ್, ಸೋವಿನ್ಯೋ ಬ್ಲಾಂಕ್, ಶಾರ್ಡನೇ, ವಿಯೋನ್ಯೇ. ಬೀಜರಹಿತ ಬಿಳಿದ್ರಾಕ್ಷಿಯ ರಸ ಎಲ್ಲಾದರೂ ಸೇರಿದ್ದರೆ ಅದು ಅಗ್ಗದ ಮಿಶ್ರಣಗಳಲ್ಲಿ, ಹೆಸರಿಲ್ಲದೆ.

ಇದಕ್ಕೆ ಬೆಲೆಯ ತರ್ಕ ಸರಳವಾದದ್ದು. ಭಾರತದಲ್ಲಿ ಬೀಜರಹಿತ ದ್ರಾಕ್ಷಿಗೆ ತಿನ್ನುವವರಿಂದ ಸಿಗುವ ಬೆಲೆ ಸಾಮಾನ್ಯವಾಗಿ ವೈನರಿ ಕೊಡಬಲ್ಲ ಬೆಲೆಗಿಂತ ಮೇಲು; ಅದು ಬಿದ್ದರೆ ವಿಜಯಪುರ ಮತ್ತು ಸಾಂಗ್ಲಿಗಳ ಒಣಗಿಸುವ ಶೆಡ್ಡುಗಳಿವೆ, ಅಲ್ಲಿ ಹಣ್ಣನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ನೆರಳುಬಲೆಯ ಕೆಳಗೆ ಹರಡುತ್ತಾರೆ. ಇವೆರಡೂ ಬೇಡವೆಂದ ಹಣ್ಣಷ್ಟೇ ಹುದುಗುವ ಪೀಪಾಯಿಗೆ ಉಳಿಯುವುದು, ಮತ್ತು ಅಂಥ ಹಣ್ಣಿನಿಂದ ಒಳ್ಳೆಯ ವೈನ್ ಆಗದು. ಕ್ಯಾಲಿಫೋರ್ನಿಯಾದಲ್ಲಿ ಥಾಂಪ್ಸನ್ ವೈನ್ ಆದದ್ದು ಹಣ್ಣು ಮಿಕ್ಕಿದ್ದರಿಂದ. ಇಲ್ಲಿ ಅದು ಮಿಕ್ಕಲಿಲ್ಲ. ತಿನ್ನುವ ಪೇಟೆಯಲ್ಲಿ ಅರ್ಕಾವತಿಗೆ ಎದುರಾಳಿಯಾದದ್ದು ಅದರ ತಂದೆಯ ಕುಲವೇ. ಥಾಂಪ್ಸನ್ ತೋಟಗಳಲ್ಲಿ ತಾನಾಗಿ ಕಾಣಿಸಿಕೊಂಡ ಒಳ್ಳೆಯ ಬಳ್ಳಿಗಳನ್ನು ಮಹಾರಾಷ್ಟ್ರದ ರೈತರು ಆರಿಸಿ ಬೆಳೆಸಿದ ತಾಸ್–ಎ–ಗಣೇಶ, ಸೋನಾಕಾ, ಮಾಣಿಕ್ ಚಮನ್‌ಗಳು ನೀಳವಾದ, ನೋಡಲು ಚೆಂದದ ಹಣ್ಣು ಕೊಟ್ಟು ವಿಜಯಪುರದ ಚಪ್ಪರಗಳಿಗೂ ಹಬ್ಬಿದವು. ಸಂಸ್ಥೆಯ ಸಂಕರ ತಳಿಗಳು ರೈತರ ಹೊಲದಲ್ಲಿ ಅಷ್ಟಾಗಿ ಹರಡಲಿಲ್ಲ. ಸಿಹಿಯೊಂದೇ ಸಾಲದು, ಗಾತ್ರವೂ ಬೇಕೆಂಬುದು ಗಿರಾಕಿಯ ತೀರ್ಪು.

ಹೆಸರಘಟ್ಟದ ಸಂಸ್ಥೆಯೂ ಮುಂದೆ ಈ ಪಾಠವನ್ನು ತನ್ನದೇ ರೀತಿಯಲ್ಲಿ ಅಳವಡಿಸಿಕೊಂಡಂತೆ ಕಾಣುತ್ತದೆ. ಅರ್ಕಾವತಿಯ ನಂತರ ಬಂದ ತಳಿಗಳಲ್ಲಿ ಬಳಕೆ ಬೇರೆಬೇರೆಯಾಗಿ ಹಂಚಿಹೋಯಿತು: ಅನಾಬ್–ಎ–ಶಾಹಿ ಮತ್ತು ಥಾಂಪ್ಸನ್‌ಗಳ ಸಂಕರವಾದ ಬೀಜರಹಿತ ಅರ್ಕಾ ಶ್ವೇತ ತಿನ್ನುವುದಕ್ಕೆ, ಅರ್ಕಾ ಕೃಷ್ಣ ಹಣ್ಣಿನ ರಸಕ್ಕೆ, ಮಸ್ಕತ್ ಪರಿಮಳದ ಅರ್ಕಾ ಸೋಮ ಸಿಹಿಯಾದ ಬಿಳಿ ವೈನ್‌ಗೆ, ಬೆಂಗಳೂರು ನೀಲಿಯ ಮಗಳಾದ ಅರ್ಕಾ ತೃಷ್ಣ ವೈನ್‌ಗೆ. ಬಿಳಿ ವೈನ್‌ಗೆಂದು ಹೆಸರಿಸಿದ ಅರ್ಕಾ ಸೋಮದ ವಂಶದಲ್ಲಿ ಥಾಂಪ್ಸನ್ ಇಲ್ಲ, ಅದರ ಹಣ್ಣಿನಲ್ಲಿ ಬೀಜವಿದೆ. ದ್ರಾಕ್ಷಿಗೆಂದೇ ಪ್ರತ್ಯೇಕವಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ 1997ರಲ್ಲಿ ಪುಣೆಯ ಮಾಂಜರಿಯಲ್ಲಿ ಆರಂಭವಾದ ಮೇಲೆ ಈ ಕೆಲಸದ ಗುರುತ್ವಕೇಂದ್ರವೂ ಅತ್ತ ಸರಿಯಿತು. ಅರ್ಕಾವತಿ ತಳಿಪಟ್ಟಿಗಳಲ್ಲಿ ಈಗಲೂ ಬಹೂಪಯೋಗಿ ಎಂಬ ಷರಾದೊಂದಿಗೆ ನಮೂದಾಗುತ್ತಿದೆ.